ಸ್ಟೋಕ್ ಹಂಡ್ರೆಡ್: ಎರಡು ದಿನದಲ್ಲಿ ಹಳೆಯ ಪ್ಯಾರಿಷ್‌ಗಳ ಸುತ್ತಾಟ

ಸ್ಟೋಕ್ ಹಂಡ್ರೆಡ್ ನೋಡಲು ಹೊರಡುವವರು ಫೋನಿನ ನಕ್ಷೆಯಲ್ಲಿ ಆ ಹೆಸರು ಹುಡುಕಿದರೆ ಪ್ರಯೋಜನವಿಲ್ಲ. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಕೌಂಟಿಯ ದಕ್ಷಿಣ ತುದಿಯಲ್ಲಿದ್ದ ಹಂಡ್ರೆಡ್ ಎಂಬ ಈ ಹಳೆಯ ಆಡಳಿತ ವಿಭಾಗ ಈಗ ಚೂರುಚೂರಾಗಿದೆ. ಸ್ಲೌ, ಈಟನ್, ಡ್ಯಾಚೆಟ್, ಹಾರ್ಟನ್, ರೇಸ್‌ಬರಿ 1974ರಲ್ಲಿ ಬರ್ಕ್‌ಷೈರ್‌ಗೆ ಹೋದವು. ಸ್ಟೋಕ್ ಪೋಜಸ್, ಡೆನಮ್, ಐವರ್ ಹಳೆಯ ಕೌಂಟಿಯಲ್ಲೇ ಉಳಿದವು. ಹಾಗಾಗಿ ಊರಿನ ಹೆಸರು ಬಿಟ್ಟು ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ) ಚರ್ಚುಗಳ ಜಾಡು ಹಿಡಿಯುವುದೇ ಸರಿಯಾದ ದಾರಿ. ಇಂಗ್ಲೆಂಡಿನ ಕೌಂಟಿಗಳ ಇತಿಹಾಸದ ಗ್ರಂಥಮಾಲೆ ವಿಕ್ಟೋರಿಯಾ ಕೌಂಟಿ ಹಿಸ್ಟರಿಯ ಬಕಿಂಗ್‌ಹ್ಯಾಮ್ ಮೂರನೇ ಸಂಪುಟ (1925) ಈ ಹಂಡ್ರೆಡ್ಡನ್ನು ಪ್ಯಾರಿಷ್‌ವಾರು ವಿವರಿಸುತ್ತದೆ, ಅಂತರ್ಜಾಲದಲ್ಲೂ ಓದಲು ಸಿಗುತ್ತದೆ. ಹೊರಡುವ ಮುನ್ನ ಓದಿ.

ಹಂಡ್ರೆಡ್ ಅಂದರೆ ಕೌಂಟಿಗೂ ಪ್ಯಾರಿಷ್‌ಗೂ ನಡುವಣ ವಿಭಾಗ. ನಮ್ಮ ಶಾಸನಗಳ ಬೆಳ್ವೊಲ ಮುನ್ನೂರರ ಹಾಗೆ ಇಲ್ಲೂ ಹೆಸರಿನಲ್ಲೇ ಸಂಖ್ಯೆ. ತೆರಿಗೆ, ಸಣ್ಣಪುಟ್ಟ ವ್ಯಾಜ್ಯ, ಕಳ್ಳಕಾಕರ ಮೇಲಿನ ಕಣ್ಣು ಎಲ್ಲವೂ ಅದರ ಪಾಲಿಗಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲಸಗಳೆಲ್ಲ ಬೇರೆ ಕಡೆಗೆ ಹೋದವು. ಆದರೂ ಒಂದು ಹುದ್ದೆ ಉಳಿದಿದೆ. ಸ್ಟೋಕ್, ಬರ್ನಮ್, ಡೆಸ್‌ಬರೋ ಮೂರೂ ಸೇರಿ ಚಿಲ್ಟರ್ನ್ ಹಂಡ್ರೆಡ್ಸ್. ಬ್ರಿಟಿಷ್ ಸಂಸದರು ನೇರವಾಗಿ ರಾಜೀನಾಮೆ ಕೊಡುವಂತಿಲ್ಲವೆಂಬ ನಿರ್ಣಯ 1624ರದು. ಅದನ್ನು ದಾಟಲು 1751ರಿಂದ ಬಳಕೆಗೆ ಬಂದ ಉಪಾಯ, ಕೆಲಸವೇ ಇಲ್ಲದ 'ಚಿಲ್ಟರ್ನ್ ಹಂಡ್ರೆಡ್ಸ್ ಸ್ಟೂವರ್ಡ್' ಹುದ್ದೆ ವಹಿಸಿಕೊಂಡು ಸ್ಥಾನ ಕಳೆದುಕೊಳ್ಳುವುದು. ಇಂದಿಗೂ ನಡೆಯುತ್ತಿದೆ.

ಮೊದಲ ದಿನ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಲ್ಯಾಂಗ್ಲಿಗೆ. ವೇಗದ ರೈಲುಗಳು ಇಲ್ಲಿ ನಿಲ್ಲುವುದಿಲ್ಲ, ಎಲಿಜಬೆತ್ ಲೈನ್ ಹಿಡಿಯಿರಿ. ಲಂಡನ್ನಿನ ಪ್ರಯಾಣ ಕಾರ್ಡ್ ಆದ ಆಯ್‌ಸ್ಟರ್ ದಾರಿಯ ವೆಸ್ಟ್ ಡ್ರೇಟನ್ ನಿಲ್ದಾಣದ ಆಚೆಗೆ ನಡೆಯದು, ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ನಡೆಯುತ್ತದೆ. ಗೊತ್ತಿಲ್ಲದೆ ಇಳಿದವರು ದಂಡ ತೆರುವುದು ಇಲ್ಲೇ. ನಿಲ್ದಾಣದಿಂದ ಸೇಂಟ್ ಮೇರಿ ಚರ್ಚಿಗೆ ಕಾಲ್ನಡಿಗೆ ಸಾಕು. ಈ ಪ್ರವಾಸದ ಮುಕುಟಮಣಿ ಅಲ್ಲಿದೆ: 1620ರ ದಶಕದಲ್ಲಿ ಸರ್ ಜಾನ್ ಕೆಡರ್ಮಿಸ್ಟರ್ ಸ್ಥಾಪಿಸಿದ ಪ್ಯಾರಿಷ್ ಗ್ರಂಥಾಲಯ. ನಾಲ್ಕೂ ಗೋಡೆಯ ಮರದ ಹಲಗೆಗಳ ಮೇಲೆ ಬಣ್ಣದ ಚಿತ್ರಗಳು, ಬೀರುಗಳ ಬಾಗಿಲು ಮುಚ್ಚಿದರೆ ಪುಸ್ತಕಗಳಿರುವುದೇ ತಿಳಿಯದು. 1638ರ ಪುಸ್ತಕಪಟ್ಟಿಯೂ ಉಳಿದಿದೆ. ಆದರೆ ಕೋಣೆ ದಿನವೂ ತೆರೆದಿರುವುದಿಲ್ಲ. ಚರ್ಚಿನವರಿಗೆ ಕೆಲವು ವಾರ ಮೊದಲೇ ಬರೆದು ದಿನ ಗೊತ್ತುಮಾಡಿಕೊಂಡು, ಉಳಿದ ಯೋಜನೆಯನ್ನು ಆ ದಿನದ ಸುತ್ತ ಹೆಣೆಯಿರಿ.

ಮುಂದಿನ ನಿಲ್ದಾಣ ಸ್ಲೌ. ಹಳೆಯ ದಾಖಲೆಗಳಲ್ಲಿ ಸ್ಲೌ ಎಂಬ ಪ್ಯಾರಿಷ್ ಹುಡುಕಬೇಡಿ. ಅದು ಬಹುಪಾಲು ಅಪ್ಟನ್-ಕಮ್-ಚಾಲ್ವಿ ಪ್ಯಾರಿಷ್‌ನೊಳಗಿನ ಹಳ್ಳಿ, ರೈಲು ಬಂದ ಮೇಲೆ ಬೆಳೆದದ್ದು. ಅಪ್ಟನ್ನಿನ ಸೇಂಟ್ ಲಾರೆನ್ಸ್ ನಾರ್ಮನ್ ಕಾಲದ ಚರ್ಚು. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲ್ 1822ರಲ್ಲಿ ಇಲ್ಲೇ ಮಣ್ಣಾದರು. 40 ಅಡಿ ದೂರದರ್ಶಕ ನಿಂತಿದ್ದ ಅವರ ಮನೆ ಈಗಿಲ್ಲ, ಅದಕ್ಕಾಗಿ ಅಲೆಯಬೇಡಿ.

ಹಂಡ್ರೆಡ್‌ಗೆ ಹೆಸರು ಕೊಟ್ಟ ಸ್ಟೋಕ್ ಪೋಜಸ್‌ನ ಸೇಂಟ್ ಜೈಲ್ಸ್ ಚರ್ಚು ಸ್ಲೌ ನಿಲ್ದಾಣದಿಂದ ಉತ್ತರಕ್ಕೆ ಸುಮಾರು 3 ಕಿ.ಮೀ. ಹಳ್ಳಿಯ ಹೆಸರು ಮಾತ್ರ ಹಾಕಿದರೆ ನಕ್ಷೆ ನಿಮ್ಮನ್ನು ಚರ್ಚು ದಾಟಿಸಿ ಅಂಗಡಿಗಳ ಬಳಿ ಇಳಿಸುತ್ತದೆ. ಚರ್ಚಿನ ಹೆಸರನ್ನೇ ಹಾಕಿ. ಕವಿ ಥಾಮಸ್ ಗ್ರೇ ತಾಯಿಯ ಗೋರಿಯಲ್ಲೇ ಮಲಗಿದ್ದಾರೆ. ಪಕ್ಕದ ಹೊಲದಲ್ಲಿ 1799ರ ಸ್ಮಾರಕವಿದೆ. 2021ರಲ್ಲಿ ರಿಲಯನ್ಸ್ ಕೊಂಡ ಸ್ಟೋಕ್ ಪಾರ್ಕ್ ಇದರ ನೆರೆಯದೇ ಆದರೂ ಅದು ಖಾಸಗಿ ಆಸ್ತಿ.

ಎರಡನೆಯ ದಿನ ನದಿಬದಿಯ ಪ್ಯಾರಿಷ್‌ಗಳು. ಸ್ಲೌನಿಂದ ಡ್ಯಾಚೆಟ್‌ಗೆ ನೇರ ರೈಲಿಲ್ಲ. ವಿಂಡ್ಸರ್ ಅಂಡ್ ಈಟನ್ ಸೆಂಟ್ರಲ್‌ನಲ್ಲಿ ಇಳಿದು ರಿವರ್‌ಸೈಡ್ ನಿಲ್ದಾಣಕ್ಕೆ ನಡೆಯಬೇಕು. ಎರಡೂ ಬೇರೆ ಬೇರೆ, ಟಿಕೆಟ್ ತೆಗೆಯುವಾಗ ಗಮನವಿರಲಿ. ಡ್ಯಾಚೆಟ್, ಸನ್ನಿಮೀಡ್ಸ್, ರೇಸ್‌ಬರಿ ಒಂದೇ ಮಾರ್ಗದಲ್ಲಿವೆ. ಹಾರ್ಟನ್‌ಗೆ ರೈಲಿಲ್ಲ, ಸನ್ನಿಮೀಡ್ಸ್ ಅಥವಾ ರೇಸ್‌ಬರಿಯಿಂದ ನಡಿಗೆ. ಕವಿ ಮಿಲ್ಟನ್‌ನ ತಾಯಿಯನ್ನು 1637ರಲ್ಲಿ ಹೂತದ್ದು ಹಾರ್ಟನ್ ಚರ್ಚಿನಲ್ಲಿ. ರೇಸ್‌ಬರಿಯ ಆಂಕರ್‌ವಿಕ್‌ನಲ್ಲಿ ಪುರಾತನ ಯೂ ಮರವೂ ಸನ್ಯಾಸಿನಿಯರ ಮಠದ ಅವಶೇಷವೂ ಇವೆ. ಮ್ಯಾಗ್ನಾ ಕಾರ್ಟಾದ ರನ್ನಿಮೀಡ್ ನದಿಯ ಆಚೆ ದಡದಲ್ಲೇ ಇದ್ದರೂ ನೇರ ದಾಟಲು ಸೇತುವೆಯಿಲ್ಲ, ಅದನ್ನು ಇದೇ ದಿನಕ್ಕೆ ಸೇರಿಸಬೇಡಿ. ಇದು ಥೇಮ್ಸ್ ಬಯಲು. 2014ರ ಫೆಬ್ರವರಿಯಲ್ಲಿ ರೇಸ್‌ಬರಿ, ಡ್ಯಾಚೆಟ್ ಮುಳುಗಿದ್ದವು. ಚಳಿಗಾಲದಲ್ಲಾದರೆ ಪ್ರವಾಹ ಎಚ್ಚರಿಕೆ ನೋಡಿಕೊಂಡು, ಗಟ್ಟಿ ಬೂಟು ಹಾಕಿ ಹೊರಡಿ.

ದಾಖಲೆ ನೋಡುವವರಿಗೆ ಇನ್ನೊಂದು ದಿನ ಬೇಕು. ಊರು ಈಗ ಬರ್ಕ್‌ಷೈರ್‌ನಲ್ಲಿದೆಯೆಂದು ಆ ಕೌಂಟಿಯ ದಾಖಲೆಗಾರವಿರುವ ರೆಡಿಂಗ್‌ಗೆ ಹೋಗುವ ಮೊದಲು ಆಯ್ಲ್ಸ್‌ಬರಿಯ ಬಕಿಂಗ್‌ಹ್ಯಾಮ್‌ಶೈರ್ ದಾಖಲೆಗಾರದ ಪಟ್ಟಿ ತೆರೆದು ನೋಡಿ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುವ ಪ್ಯಾರಿಷ್ ರಿಜಿಸ್ಟರ್ ಇಡಬೇಕೆಂಬ ಆಜ್ಞೆ 1538ರದಾದರೂ ಎಲ್ಲ ಪ್ಯಾರಿಷ್‌ಗಳಲ್ಲೂ ಅಷ್ಟು ಹಿಂದಿನವು ಉಳಿದಿಲ್ಲ. ಕೋಲ್ನ್‌ಬ್ರೂಕ್‌ನವರನ್ನು ಹುಡುಕುವವರು ಹಾರ್ಟನ್, ಐವರ್, ಲ್ಯಾಂಗ್ಲಿ ಜತೆಗೆ ಮಿಡ್ಲ್‌ಸೆಕ್ಸ್‌ನ ಸ್ಟಾನ್‌ವೆಲ್ ರಿಜಿಸ್ಟರ್‌ಗಳನ್ನೂ ತೆರೆಯಬೇಕು, ಏಕೆಂದರೆ ಆ ಒಂದೇ ಬೀದಿಯೂರು ನಾಲ್ಕು ಪ್ಯಾರಿಷ್‌ಗಳಲ್ಲಿ ಹರಡಿತ್ತು. 1845ರವರೆಗೆ ಈ ಕೌಂಟಿ ಲಿಂಕನ್ ಬಿಷಪ್‌ರ ಆಡಳಿತದಲ್ಲಿದ್ದುದರಿಂದ, ಅದಕ್ಕೂ ಹಿಂದಿನ ಬಿಷಪ್ ಕಚೇರಿಯ ಕಾಗದಪತ್ರಗಳಿಗೆ ಲಿಂಕನ್ ದಾಖಲೆಗಾರವನ್ನೂ ವಿಚಾರಿಸಿ.