ಹುಳು ಹೇಳಿದ ಸಾಕ್ಷಿ

1776ರ ಆಗಸ್ಟ್ ತಿಂಗಳ 'ಜಂಟಲ್‌ಮನ್ಸ್ ಮ್ಯಾಗಜೀನ್' ಕೊನೆಗೂ ಕೈಗೆ ಬಂತು. ಲಂಡನ್ನಿನ ಈ ಮಾಸಪತ್ರಿಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಅಚ್ಚು ಹಾಕಿದ್ದು ಇದೇ ಸಂಚಿಕೆಯಲ್ಲಿ, ಪುಟ 361-362. ನನಗೆ ಬೇಕಾಗಿದ್ದದ್ದೂ ಆ ಒಂದೇ ಹಾಳೆ. ಧೂಳು ಕೊಡವಿದ್ದು, ಗಾಳಿಗಿಟ್ಟಿದ್ದು ಎಲ್ಲ ಮಾಮೂಲಿ, ಬಿಡಿ.

ಮೊದಲ ದಿನ ಖುಷಿಯೋ ಖುಷಿ. ಆಗಿನ ಅಚ್ಚಿನಲ್ಲಿ ಎಫ್ ಥರವೇ ಕಾಣುವ ಉದ್ದನೆಯ ಎಸ್ ಅನ್ನು ಎಫ್ ಅಂತಲೇ ಓದಿ, 'ಕಾಂಗ್ರೆಫ್ಸ್' ಅಂತ ಮನೆಯೆಲ್ಲ ಕೂಗಿಕೊಂಡು ಓಡಾಡಿದೆ. ಎರಡನೇ ದಿನ ಒಂದು ಹುಳು ಮಾನ ಕಳೆಯಿತು.

355ನೇ ಪುಟದಿಂದ ಸಾಸಿವೆಯಷ್ಟು ತೂತು ಕೊರೆಯುತ್ತಾ ಹೊರಟಿದೆ ಪುಣ್ಯಾತ್ಮ. 360ರ ತನಕ ದಾರಿ ಸರಿ ಇದೆ. 363ರಲ್ಲಿ ಅದೇ ಜಾಗದಲ್ಲಿ ಮತ್ತೆ ತೂತು. ನಡುವಿನ ಹಾಳೆಗೆ ಮಾತ್ರ ಒಂದು ಗೀರೂ ಇಲ್ಲ. ಘೋಷಣೆಗೆ ಗೌರವ ಕೊಟ್ಟು ಹುಳು ಹಾರಿ ಹೋಯ್ತಾ?

ಹಿಂದಿನಿಂದ ಟಾರ್ಚ್ ಹಿಡಿದೆ. ಬೇರೆ ಹಾಳೆಗಳಲ್ಲಿ ಕೈಕಾಗದದ ತಂತಿ ಗೆರೆಗಳು, ಅಂದ್ರೆ ಕಾಗದ ಮಾಡುವ ಜರಡಿಯ ತಂತಿ ಬಿಟ್ಟ ಗುರುತುಗಳು, ಮೇಲಿಂದ ಕೆಳಕ್ಕೆ ನೆಟ್ಟಗೆ ಕಾಣುತ್ತವೆ. ಇದರಲ್ಲಿ ಬರೀ ಮಂಜು. ಬೆರಳಾಡಿಸಿದರೆ ಅಚ್ಚುಮೊಳೆ ಒತ್ತಿದ ಗುರುತೂ ಇಲ್ಲ. ಹೊಲಿಗೆಯ ಹತ್ತಿರ ಬಗ್ಗಿ ನೋಡಿದರೆ ಕತ್ತರಿಸಿ ಉಳಿದ ಅಂಚು, ಅದಕ್ಕೆ ಅಂಟು. ಚಹಾ ಬಳಿದ ಜೆರಾಕ್ಸ್, ಅಷ್ಟೇ! ಅಸಲಿ ಹಾಳೆ ಯಾರದೋ ಗೋಡೆ ಮೇಲೆ ಫ್ರೇಮಿನಲ್ಲಿ ಇರಬೇಕು.

ಮಾರಿದವನಿಗೆ ಬರೆದೆ. 'ಎಲ್ಲ ಪುಟ ಇವೆ ಅಂದಿದ್ದೆ, ಎಲ್ಲ ಹಳೆಯವು ಅಂದಿದ್ನಾ' ಅನ್ನೋ ಧಾಟಿಯ ಉತ್ತರ. ಕಳಿಸಿದ್ದೂ ಚಪ್ಪಲಿ ಡಬ್ಬಿಯಲ್ಲಿ. 'ತೂತು ತಾನೇ ಇಲ್ಲದ್ದು? ಸೂಜಿ ಕೊಡ್ತೀನಿ, ಚುಚ್ಚಿಬಿಡಿ' ಅಂದಳು ಮನೆಯವಳು.

ಆ ಸಿಟ್ಟಿಗೆ ಮುಂದಿನ ಬೇಟೆ ಈಗಲೇ ಶುರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಾಂಕ್' ಹಡಗನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರೇನು ಗೊತ್ತಾ? 'ಹೈದರ್ ಆಲಿ'. ಹೌದು, ನಮ್ಮ ಶ್ರೀರಂಗಪಟ್ಟಣದ ಹೈದರನೇ! ಅದರ ಕ್ಯಾಪ್ಟನ್ ಜೋಶುವಾ ಬಾರ್ನಿ. ಆ ತಿಂಗಳ ಫಿಲಡೆಲ್ಫಿಯಾ ಪತ್ರಿಕೆ ಬೇಕು. ಆಗಿನ ಪತ್ರಿಕೆ ಅಂದ್ರೆ ಸಾಮಾನ್ಯವಾಗಿ ನಾಲ್ಕೇ ಪುಟ, ಒಂದೇ ಹಾಳೆ ಮಡಚಿದ್ದು. ನಡುವೆ ಅಂಟಿಸೋಕೆ ಜಾಗವೇ ಇಲ್ಲ ಅಲ್ವಾ.

ಮೂವರಿಗೆ ಬರೆದಿದ್ದೇನೆ. ಹುಳು ತಿಂದಿದ್ದರೂ ಪರವಾಗಿಲ್ಲ, ತೂತಿನ ಫೋಟೊ ಕಳಿಸಿ ಅಂತ.