ಚಿಕ್ಕ ಭರಣಿ

ಅಮ್ಮಮ್ಮನ ಮನೆಗೆ ಹೋಗಬೇಕೆಂದರೆ ನೀರು ದಾಟಬೇಕಿತ್ತು. ಸಾಗರದಿಂದ ಹೊಳೆಬಾಗಿಲವರೆಗೆ ಬಸ್ಸು, ಅಲ್ಲಿಂದ ಶರಾವತಿ ಹಿನ್ನೀರಿನ ಮೇಲೆ ಲಾಂಚು, ಆಚೆ ಕಳಸವಳ್ಳಿ ದಡ. ಅಲ್ಲಿಂದ ತುಮರಿ ಕಡೆಯ ಮಣ್ಣು ರಸ್ತೆ. ಸಂಜೆಯ ಕೊನೇ ಲಾಂಚು ತಪ್ಪಿತೋ, ಅವತ್ತಿಗೆ ಅಮ್ಮಮ್ಮನೂ ಇಲ್ಲ, ಅವಳ ಮಜ್ಜಿಗೆಯೂ ಇಲ್ಲ.

ಮನೆ ಮುಟ್ಟಿದ ಕೂಡಲೇ ಅವಳ ಮೊದಲ ಮಾತು ಯಾವಾಗಲೂ ಒಂದೇ. "ಆಸ್ರಿಗೆ ಎಂತ ಬೇಕೇ ಕೂಸೆ?" ನಾವು ಏನೇ ಹೇಳಲಿ, ಬರುತ್ತಿದ್ದದ್ದು ಮಜ್ಜಿಗೆ. ಕೇಳುವುದು ಸುಮ್ನೆ ಮರ್ಯಾದೆಗೆ!

ನಾನು ಹೇಳಹೊರಟಿದ್ದು 1996ರ ಏಪ್ರಿಲ್‌ ರಜೆಯ ಕತೆ. ನನಗಾಗ ಒಂಬತ್ತು ವರ್ಷ. ನಾವು ಹೋದ ಮರುದಿನವೇ ಅಪ್ಪೆಮಿಡಿ ಕೊಯ್ಲು. ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆಂದೇ ಎಳೆಯದರಲ್ಲಿ ಕೊಯ್ಯುವ, ಪರಿಮಳದ ಮಾವಿನ ಮಿಡಿ. ಮಿಡಿ ಕೊಯ್ಯುವುದೆಂದರೆ ಮಾವಿನಕಾಯಿ ಉದುರಿಸಿದಂತಲ್ಲ. ಮಿಡಿ ನೆಲಕ್ಕೆ ಬಿದ್ದರೆ ಪೆಟ್ಟಾಗುತ್ತದೆ, ಪೆಟ್ಟಾದದ್ದು ಭರಣಿಯಲ್ಲಿ ಕೊಳೆಯುತ್ತದೆ, ಪಕ್ಕದವನ್ನೂ ಕೊಳೆಸುತ್ತದೆ. ಹಾಗಾಗಿ ಮರ ಹತ್ತಿದವರು ಗೊಂಚಲು ಗೊಂಚಲಾಗಿ ತೊಟ್ಟಿನ ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಕೆಳಗೆ ಬಿಡುತ್ತಿದ್ದರು. ಕೆಳಗೆ ನಿಂತ ಅಮ್ಮಮ್ಮ ಬುಟ್ಟಿಯನ್ನು ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಿದ್ದಳು.

ಆಮೇಲೆ ಜಗಲಿಯಲ್ಲಿ ಎಣಿಕೆ. ಮಿಡಿಗೆ ಕೇಜಿ ಲೆಕ್ಕ ಇಲ್ಲ, ನೂರರ ಲೆಕ್ಕ. ನೂರು ಆದಾಗಲೆಲ್ಲ ಒಂದು ಮಿಡಿ ಪಕ್ಕಕ್ಕೆ ಇಡಬೇಕು, ಕೊನೆಗೆ ಪಕ್ಕದ್ದನ್ನು ಎಣಿಸಿದರೆ ಆಯಿತು. ಆ ಕೆಲಸ ನನ್ನದು. ನಡುವೆ ಅಮ್ಮಮ್ಮ ಒಂದೊಂದರ ತೊಟ್ಟು ಮುರಿದು ಮೂಗಿಗೆ ಹಿಡಿಯುತ್ತಿದ್ದಳು. ತೊಟ್ಟಿನಿಂದ ಚಿಮ್ಮುವ ಸೊನೆಯಲ್ಲೇ ಅದರ ಜಾತಕ ಇರುತ್ತದೆ. "ಇದು ಜೀರಿಗೆ." ಇನ್ನೊಂದು. "ಇದು ಕರ್ಪೂರ." ನಾನೂ ದೊಡ್ಡ ಜಾಣೆಯಂತೆ ಮೂಸಲು ಹೋದೆ, ಸೊನೆ ತುಟಿಗೆ ಹಾರಿತು. ಎರಡು ದಿನ ತುಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಓಡಾಡಿದೆ. ಸುಟ್ಟ ಗುರುತು ಹೋಗಲು ವಾರ ಬೇಕಾಯಿತು.

ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂಚೂರು ತೊಟ್ಟು ಉಳಿಸಿ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಎರಡು ವಾರ ಉಪ್ಪಿನಲ್ಲಿ ಕೂತು ಮಿಡಿ ಚಿರುಟಬೇಕು. ಖಾರ, ಸಾಸಿವೆ ಎಲ್ಲ ಆಮೇಲಿನ ಮಾತು. ಆ ಬಾರಿ ಮೂರು ದೊಡ್ಡ ಭರಣಿ ತುಂಬಿದವು. ಮೂಲೆಯಲ್ಲಿ ಒಂದು ಚಿಕ್ಕ ಭರಣಿಯೂ ಇತ್ತು. ಅದಕ್ಕೆ ಹಾಕಿದ ಮಿಡಿ ಬೇರೆ. ಬಚ್ಚಲ ಹಿಂದಿನ ಮರದ್ದು. ಅದನ್ನು ಅಮ್ಮಮ್ಮ ಮೂಸಿ ನೋಡಲಿಲ್ಲ. ಎಣಿಸಲೂ ಹೇಳಲಿಲ್ಲ.

ಉಪ್ಪಿನಲ್ಲಿ ಅರ್ಧ ಚಿರುಟಿದ ಮಿಡಿ ಕದ್ದು ತಿಂದವರಿಗೇ ಗೊತ್ತು ಅದರ ರುಚಿ. ಒಂದು ವಾರ ತಡೆದುಕೊಂಡೆ. ಒಂದು ಮಧ್ಯಾಹ್ನ ಮನೆಯವರೆಲ್ಲ ಮಲಗಿದ್ದರು. ಅಬ್ಬಿ ನೀರಲ್ಲಿ ಆಡಿ ಬಂದವಳು ಸೀದಾ ಉಗ್ರಾಣಕ್ಕೆ ಹೋದೆ. ದೊಡ್ಡ ಭರಣಿಗಳ ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿತ್ತು. ಚಿಕ್ಕದರದ್ದು ಸಡಿಲ. ಬಿಚ್ಚಿ, ಕೈ ಹಾಕಿ, ಎರಡು ತೆಗೆದು, ಮತ್ತೆ ಕಟ್ಟಿಟ್ಟೆ. ಕೈ ಒದ್ದೆ ಇತ್ತು ಅನ್ನುವುದು ತಲೆಗೇ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಚಿಕ್ಕ ಭರಣಿಯಲ್ಲಿ ಬೂಷ್ಟು. ಬಿಳಿ ಕೆನೆ ಕಟ್ಟಿದ ಹಾಗೆ. ಉಗ್ರಾಣದ ಬಾಗಿಲಲ್ಲಿ ಅಮ್ಮನ ವಿಚಾರಣೆ ಶುರುವಾಯಿತು. ನಾನು ತಮ್ಮನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಅಮ್ಮಮ್ಮ ಮಾತ್ರ ಭರಣಿಯ ಬಾಯಿಗೆ ಕಟ್ಟಿದ್ದ ದಾರವನ್ನೇ ನೋಡುತ್ತಿದ್ದಳು. ನಾನು ಶಾಲೆಯ ಶೂ ಲೇಸಿಗೆ ಹಾಕುವ ಗಂಟು ಹಾಕಿದ್ದೆ, ಎರಡು ಕಿವಿ ಬಿಟ್ಟು. ಆ ಮನೆಯಲ್ಲಿ ಅಂಥ ಗಂಟು ಹಾಕಲು ಬರುತ್ತಿದ್ದದ್ದು ನನಗೊಬ್ಬಳಿಗೇ. ತಮ್ಮನಿಗೆ ಇನ್ನೂ ಚಪ್ಪಲಿಯ ವಯಸ್ಸು.

"ಹೋದ್ದು ಹೋತು" ಅಂದಳು ಅಮ್ಮಮ್ಮ. ಅಷ್ಟೇ. ದಾರ ಬಿಚ್ಚಿ ಜೇಬಿಗೆ ಹಾಕಿಕೋ ಎಂಬಂತೆ ನನ್ನ ಕೈಗೆ ಕೊಟ್ಟಳು. ಮೇಲಿನ ಬೂಷ್ಟು ತೆಗೆದು, ಮೆತ್ತಗಾದವನ್ನು ಎಸೆದು, ಉಪ್ಪುನೀರು ಸೋಸಿ ಕುದಿಸಲು ಇಟ್ಟಳು. ಭರಣಿ ತೊಳೆದು ಅಂಗಳದ ಬಿಸಿಲಿಗೆ ಬೋರಲು ಹಾಕಿದಳು. ಬೈಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ರಾತ್ರಿ ಮೆತ್ತಿನ ಮೇಲೆ ಮಲಗಿದಾಗ ಅಮ್ಮ ಹೇಳಿದಳು. ಕರೆಂಟು ಹೋಗಿತ್ತು. ಕರೆಂಟಿಗೋಸ್ಕರ ಮುಳುಗಿದ ಊರಿನ ಪಕ್ಕದಲ್ಲಿ ದಿನಾ ಕರೆಂಟು ಹೋಗುತ್ತಿತ್ತು, ಅದೊಂದು ತಮಾಷೆ. ಅಮ್ಮಮ್ಮನ ತವರು ಈಗ ನೀರಿನಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮನೆ, ತೋಟ, ಗದ್ದೆ ಎಲ್ಲ ಮುಳುಗಡೆ. ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಹೊಳೆಯ ದಂಡೆಯಲ್ಲಿ ಅವರದ್ದೊಂದು ಅಪ್ಪೆಮರ ಇತ್ತಂತೆ. ಒಂದು ಮಿಡಿ ಒಡೆದರೆ ಪಡಸಾಲೆವರೆಗೂ ಪರಿಮಳವಂತೆ. ಕೊನೆಯ ವರ್ಷ ಅಮ್ಮಮ್ಮ ಆ ಮರದ ಬಲಿತ ಹಣ್ಣಿನ ವಾಟೆ ತಂದು ಬಚ್ಚಲ ಹಿಂದೆ ಊರಿದಳು.

ಆದರೆ ಮಾವು ಹಾಗೆ ಬರುವುದಿಲ್ಲ. ವಾಟೆ ನೆಟ್ಟರೆ ತಾಯಿಮರದ ಗುಣವೇ ಬರುತ್ತದೆ ಅನ್ನುವ ಹಾಗಿಲ್ಲ, ಅದಕ್ಕೆ ಕಸಿಯೇ ಕಟ್ಟಬೇಕು. ಅಮ್ಮಮ್ಮನ ಗಿಡ ಮರವಾಯಿತು, ಮಿಡಿಯೂ ಬಿಟ್ಟಿತು. ಪರಿಮಳ ಮಾತ್ರ ಇಲ್ಲ. ಬರೀ ಹುಳಿ, ಜೊತೆಗೆ ನಾರು. ಕಸಿ ಕಟ್ಟೋಣವೆಂದರೆ ತಾಯಿಮರದ ಕೊಂಬೆ ಎಲ್ಲಿದೆ? ಮರ ಕಡಿಯಿರಿ ಅಂತ ಅಜ್ಜ ಎಷ್ಟೋ ಸಲ ಅಂದರಂತೆ. ಅವಳು ಕೇಳಲಿಲ್ಲ. ಪ್ರತಿ ವರ್ಷ ಒಂದು ಚಿಕ್ಕ ಭರಣಿಯಷ್ಟು ಹಾಕುತ್ತಿದ್ದಳು, ಒಬ್ಬಳೇ ತಿನ್ನುತ್ತಿದ್ದಳು.

ಲಾಂಚಿನಲ್ಲಿ ಹೋಗುವಾಗ ಅವಳು ಒಂದು ಕಡೆ ಬೆರಳು ತೋರಿಸುತ್ತಿದ್ದದ್ದು ನನಗಾಗ ನೆನಪಾಯಿತು. ಅಲ್ಲಿ ಕಾಣುತ್ತಿದ್ದದ್ದು ನೀರು, ನೀರಿನಿಂದ ಮೇಲೆದ್ದ ಒಣಮರದ ಬೊಡ್ಡೆಗಳು. ಈಗಲೂ ಮಳೆಗಾಲದಲ್ಲಿ ಪೇಪರಿನಲ್ಲಿ ಲಿಂಗನಮಕ್ಕಿಯ ಮಟ್ಟ ಬರುತ್ತದಲ್ಲ, ಗರಿಷ್ಠ 1819 ಅಡಿ ಅಂತ, ಅದನ್ನು ಓದಿದಾಗಲೆಲ್ಲ ಆ ಬೆರಳೇ ಕಣ್ಣಿಗೆ ಬರುತ್ತದೆ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಕಾರಿನಲ್ಲಿ ದಾಟಿದೆ. ಎಷ್ಟು ಬೇಗ ಆಚೆ ಬಂದೆವೆಂದರೆ, ಯಾವ ಕಡೆ ನೋಡಬೇಕು ಎಂದು ಯೋಚಿಸುವುದರೊಳಗೆ ದಡ ಬಂದಿತ್ತು.

ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅಮ್ಮಮ್ಮ ಚಿಕ್ಕ ಭರಣಿ ತಂದಳು. ಅಷ್ಟರಲ್ಲಿ ಖಾರ ಕಲೆಸಿ ಆಗಿತ್ತು. ಮೊಸರನ್ನದ ಪಕ್ಕ ನನ್ನ ಬಾಳೆ ಎಲೆಗೆ ಒಂದು ಮಿಡಿ ಹಾಕಿದಳು. ಕಚ್ಚಿದೆ. ಹಲ್ಲು ಚುಳ್ಳೆಂದಿತು. ನಾರು ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು. ಆದರೂ ಗೊರಟಿನವರೆಗೆ ಚೀಪಿ ಮುಗಿಸಿದೆ.

"ಹೆಂಗಿದ್ದು?" ಅಂದಳು.

"ಚೆನ್ನಾಗಿದ್ದು."

"ಸುಳ್ಳು ಹೇಳಡ" ಅಂತ ನಕ್ಕು, ಇನ್ನೊಂದು ಹಾಕಿದಳು.