ಅರವತ್ತು ದಿನಗಳ ಪತ್ರ

2024ರ ಮಳೆಗಾಲದ ಒಂದು ಭಾನುವಾರ ಅಣ್ಣ ಫೋನ್ ಮಾಡಿ, 'ಕೂಡಲೇ ಮನೆಗೆ ಬಾ, ಮಗಳಿಗೆ ಏನೋ ಪತ್ರ ಬಂದಿದೆ' ಎಂದ. ತೆರಿಗೆ ಕಾಗದ ಓದುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಬಳಗದಲ್ಲಿ ಯಾರಿಗೆ ಇಂಗ್ಲಿಷ್ ಪತ್ರ ಬಂದರೂ ಕರೆ ಬರುವುದು ನನಗೇ. ದಾವಣಗೆರೆಯ ವಿದ್ಯಾನಗರದ ಅವನ ಮನೆ ಸೇರುವಷ್ಟರಲ್ಲಿ ಅತ್ತಿಗೆ ಮಂಡಕ್ಕಿ ಡಬ್ಬಿಗೆ ಮೊಬೈಲ್ ಒರಗಿಸಿಕೊಂಡು, ಪರದೆಯಲ್ಲಿದ್ದ ಮಗಳನ್ನೇ ನೋಡುತ್ತಾ ಕುಳಿತಿದ್ದರು.

ಹುಡುಗಿ ಇಲ್ಲೇ ನರ್ಸಿಂಗ್ ಓದಿದವಳು. ಹಿಂದಿನ ವರ್ಷ ವೃದ್ಧರ ಆರೈಕೆಯ ಕೆಲಸಕ್ಕೆಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಊರಿಗೆ ಹೋಗಿದ್ದಳು. (ನಮ್ಮೂರನ್ನೂ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು, ಗಿರಣಿಗಳು ಮುಚ್ಚಿದ ಮೇಲೆ ಆ ಬಿರುದು ಭಾಷಣಗಳಲ್ಲಷ್ಟೇ ಉಳಿದಿದೆ.) ವೀಸಾ ಶುಲ್ಕಕ್ಕಿಂತ ಏಜೆಂಟನಿಗೆ ತೆತ್ತದ್ದೇ ಹೆಚ್ಚು. ಮಲೇಬೆನ್ನೂರು ಕಡೆಯ ಭದ್ರಾ ನಾಲೆಯ ಗದ್ದೆ ಅದಕ್ಕೇ ಅಡವು ಬಿದ್ದಿತ್ತು.

ಅಣ್ಣ ಮುದ್ರಿಸಿ ತಂದಿದ್ದ ಪತ್ರ ಬ್ರಿಟನ್ನಿನ ಗೃಹ ಇಲಾಖೆಯದು. ಅವಳನ್ನು ಕರೆಸಿಕೊಂಡ ಸಂಸ್ಥೆಯ ಸ್ಪಾನ್ಸರ್ ಪರವಾನಗಿ, ಎಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳುವ ಅನುಮತಿ, ರದ್ದಾಗಿದೆ. 60 ದಿನಗಳೊಳಗೆ ಬೇರೆ ಸ್ಪಾನ್ಸರ್ ಹುಡುಕಿ ಹೊಸ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ನಾನು ಕನ್ನಡದಲ್ಲಿ ಹೇಳಿ ಮುಗಿಸಿದರೂ ಅಣ್ಣ ಆ 60ರ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ.

'ತಪ್ಪು ಮಾಡಿದ್ದು ಸಂಸ್ಥೆಯವರು, ಗಂಟುಮೂಟೆ ಕಟ್ಟಬೇಕಾದವಳು ಇವಳೇ?' ಎಂದರು ಅತ್ತಿಗೆ.

'ಚಿಕ್ಕಪ್ಪ, ನನ್ನ ಜೊತೆಗಿದ್ದ ರೊಮೇನಿಯಾದ ಹೆಂಗಸಿಗೂ ಕೆಲಸ ಹೋಯಿತು,' ಎಂದಳು ಹುಡುಗಿ. 'ಅವರು ಅದೇ ವಾರ ಒಂದು ಬೇಕರಿ ಸೇರಿಕೊಂಡರು. ಅವರಿಗೆ ಪತ್ರವೇ ಬರಲಿಲ್ಲ.'

ಆ ಮಾತು ನನ್ನನ್ನು ರಾತ್ರಿಯಿಡೀ ಓದಿಗೆ ಹಚ್ಚಿತು. ಬ್ರಿಟನ್ ಯುರೋಪ್ ಒಕ್ಕೂಟ ಬಿಡಬೇಕೆಂದು ಜನ ಮತ ಹಾಕಿದ್ದು 2016ರ ಜೂನ್ 23ರಂದು. ಅಲ್ಲಿನ ಪ್ರಚಾರದಲ್ಲಿ ಹೆಚ್ಚು ಕೇಳಿಬಂದ ಕೂಗುಗಳಲ್ಲಿ ಹೊರಗಿನವರನ್ನು ಕಡಿಮೆ ಮಾಡುವುದೂ ಒಂದು. ಆದರೆ ದೇಶ ಹೊರಬರುವಾಗ ಮಾಡಿಕೊಂಡ ಒಪ್ಪಂದದಲ್ಲಿ, 2020ರ ಡಿಸೆಂಬರ್ 31ರೊಳಗೆ ಬಂದು ನೆಲೆಸಿದ್ದ, ರೊಮೇನಿಯಾದಂಥ ಒಕ್ಕೂಟದ ದೇಶಗಳವರ ಹಕ್ಕನ್ನು ಬರೆದಿಟ್ಟರು. ಐದು ವರ್ಷ ವಾಸವಿದ್ದವರಿಗೆ ಕಾಯಂ ನೆಲೆ, ಯಾವ ಮಾಲೀಕನ ಹಂಗೂ ಇಲ್ಲ. 2021ರ ಜೂನ್ 30ರ ಗಡುವಿಗೆ ಅರ್ಜಿ ಹಾಕದವರು ಪರದಾಡಿದ್ದೂ ಉಂಟು, ಅದು ಬೇರೆ ಕಥೆ.

ಯುರೋಪಿನಿಂದ ಹೊಸದಾಗಿ ಬರುವವರಿಗೆ ಬಾಗಿಲು ಮುಚ್ಚಿದ ಮೇಲೆ ವೃದ್ಧರನ್ನು ಎತ್ತಿ ಕೂರಿಸಲು ಕೈಗಳು ಸಾಲದಾದವು. 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸದವರಿಗೆ ವೀಸಾ ತೆರೆದರು. ನಮ್ಮವರು, ನೈಜೀರಿಯಾದವರು, ಜಿಂಬಾಬ್ವೆಯವರು ಹೋದರು. ಸಂಖ್ಯೆ ಏರಿದ್ದೇ ತಡ, 2024ರ ಮಾರ್ಚ್ 11ರಿಂದ ಇಂಥವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ ಎಂದರು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ನೇಮಿಸಿಕೊಳ್ಳುವುದನ್ನೇ ನಿಲ್ಲಿಸಿದರು.

ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬುದು ಆ ದೇಶದ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಕರೆಸಿಕೊಂಡವರ ವಾಸದ ಹಕ್ಕನ್ನು ಒಬ್ಬ ಮಾಲೀಕನ ಹೆಸರಿಗೆ ಕಟ್ಟಿಹಾಕುವುದು ಮಾತ್ರ ನನಗೆ ಜೀತದಂತೆ ಕಾಣುತ್ತದೆ. ಸಂಬಳ ಕಡಿಮೆ ಕೊಟ್ಟರೂ, ರಾತ್ರಿ ಪಾಳಿ ಹೆಚ್ಚು ಹಾಕಿದರೂ ಇವಳು ತುಟಿ ಬಿಚ್ಚಿರಲಿಲ್ಲ. ದೂರು ಕೊಟ್ಟು ಪರವಾನಗಿ ಹೋದರೆ ಮೊದಲು ಬೀದಿಗೆ ಬೀಳುವವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು.

ಗಡುವಿನೊಳಗೆ ಇನ್ನೊಂದು ಆರೈಕೆ ಮನೆಯವರು ಅವಳನ್ನು ಸೇರಿಸಿಕೊಂಡರು. ಹೊಸ ಅರ್ಜಿ, ಮತ್ತೆ ಶುಲ್ಕ. ಗದ್ದೆಯ ಸಾಲ ಇನ್ನಷ್ಟು ಬೆಳೆಯಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ, ವಲಸಿಗರು ಕಾಯಂ ನೆಲೆಗೆ ಕಾಯುವ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವ ತಂದಾಗ ಅತ್ತಿಗೆ ನನ್ನನ್ನು ತಡೆದು ಕೇಳಿದರು.

'ಆ ರೊಮೇನಿಯಾದವಳಿಗೂ ಹತ್ತು ವರ್ಷವೇ?'

'ಇಲ್ಲ ಅತ್ತಿಗೆ. ಅವರ ಐದು ವರ್ಷ ಒಪ್ಪಂದದಲ್ಲಿದೆ. ಸರ್ಕಾರ ತನಗೆ ಬೇಕಾದಂತೆ ಅದನ್ನು ತಿದ್ದಲಾಗದು.'

'ಇವಳದು?'

'ಇವಳದನ್ನು ತಿದ್ದಬಹುದು.'